ಹುಂಜವಿರುವ ಮನೆಯ ಮೊಟ್ಟೆ ತಿನ್ನಬಾರದೇ?



ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ನಡೆದ ಒಂದು ಸಣ್ಣ ಜಗಳದಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಅಂದು ಊಟದ ಜೊತೆ ಬೇಯಿಸಿದ ಮೊಟ್ಟೆ ಇತ್ತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇತ್ತು. ಏಳನೇ ತರಗತಿಯ ಹುಡುಗಿಯೊಬ್ಬಳು ಮೊಟ್ಟೆಯ ಸಿಪ್ಪೆ ಸುಲಿಯುತ್ತಾ, “ನಮ್ಮ ಮನೆಯಲ್ಲೂ ಎಂಟು ಕೋಳಿ ಇವೆ, ದಿನಾ ಮೊಟ್ಟೆ ಇಡುತ್ತವೆ” ಎಂದಳು. ಪಕ್ಕದಲ್ಲಿದ್ದ ಹುಡುಗ ತಕ್ಷಣ, “ನಿಮ್ಮ ಮನೆಯಲ್ಲಿ ಹುಂಜ ಇದೆ. ನಿಮ್ಮ ಮೊಟ್ಟೆಯೊಳಗೆ ಮರಿ ಇರುತ್ತದೆ. ನೀನು ಮರಿ ತಿನ್ನುತ್ತೀಯಾ!” ಎಂದುಬಿಟ್ಟ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಒಂದು ವಾರದ ನಂತರ ಅವಳ ಅಜ್ಜಿ ದಾರಿಯಲ್ಲಿ ಸಿಕ್ಕರು. “ಏನು ಮೇಷ್ಟ್ರೇ, ಇಸ್ಕೂಲಿನಲ್ಲಿ ಏನು ಹೇಳಿಕೊಟ್ಟಿರಿ? ಮೊಮ್ಮಗಳು ಮನೆ ಮೊಟ್ಟೆ ಮುಟ್ಟುತ್ತಿಲ್ಲ. ಅವಳನ್ನು ನೋಡಿ ನಾಲ್ಕು ವರ್ಷದ ತಮ್ಮನೂ ಬೇಡ ಅನ್ನುತ್ತಾನೆ” ಎಂದರು. ಮನೆಯಲ್ಲಿ ಹಾಲು ಕೊಡುವ ಹಸು ಇಲ್ಲ. ಬೇಳೆಯ ಬೆಲೆ ನಿಮಗೆ ಗೊತ್ತೇ ಇದೆ. ಆ ಮಗುವಿಗೆ ದಿನವೂ ಸುಲಭವಾಗಿ ಸಿಗುತ್ತಿದ್ದ ಒಳ್ಳೆಯ ಆಹಾರವೆಂದರೆ ಅಂಗಳದ ಕೋಳಿ ಇಡುವ ಮೊಟ್ಟೆಯೇ. ಒಂದು ತಮಾಷೆಯ ಮಾತು ಆ ಮಗುವಿನ ತಟ್ಟೆಯಿಂದ ಮೊಟ್ಟೆಯನ್ನು ಎತ್ತಿಕೊಂಡು ಹೋಗಿತ್ತು.

ಆ ಹುಡುಗ ಹೇಳಿದ್ದು ನಿಜವೇ? ನೋಡೋಣ ಬನ್ನಿ.

ಹುಂಜ ಕೂಗದಿದ್ದರೂ ಬೆಳಗಾಗುತ್ತದೆ

ಹುಂಜ ಕೂಗದಿದ್ದರೂ ಬೆಳಗಾಗುತ್ತದೆ ಎಂಬುದು ನಿಮಗೆ ಗೊತ್ತು. ಹಾಗೆಯೇ ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ. ದೊಡ್ಡ ಕೋಳಿ ಫಾರಂಗಳಲ್ಲಿ ತಿನ್ನುವ ಮೊಟ್ಟೆಗಾಗಿ ಸಾಕುವ ಹೇಂಟೆಗಳ ಜೊತೆ ಹುಂಜ ಇರುವುದೇ ಇಲ್ಲ. ಅಂಗಡಿಯಲ್ಲಿ ಸಿಗುವ ಬಿಳಿ ಮೊಟ್ಟೆಗಳು ಅಲ್ಲಿಂದ ಬಂದವು. ಅವನ್ನು ಎಷ್ಟು ದಿನ ಕಾವಿಗೆ ಇಟ್ಟರೂ ಮರಿ ಆಗುವುದಿಲ್ಲ.

ಹೇಂಟೆಯ ಹೊಟ್ಟೆಯಲ್ಲಿ ಮೊಟ್ಟೆ ಹೇಗೆ ಆಗುತ್ತದೆ? ಅಂಡಾಶಯದಲ್ಲಿ ಹಳದಿ ಲೋಳೆಯ ಗೋಲಿಗಳು ಬೆಳೆಯುತ್ತವೆ. ಪೂರ್ತಿ ಬೆಳೆದ ಒಂದು ಗೋಲಿ ಕಳಚಿಕೊಂಡು ಅಂಡನಾಳದ ಆಲಿಕೆಯಂಥ ಬಾಯಿಯೊಳಗೆ ಬೀಳುತ್ತದೆ. ಅಲ್ಲಿ ಅದು ಇರುವುದು ಸುಮಾರು ಕಾಲು ಗಂಟೆ. ಹುಂಜದ ವೀರ್ಯಾಣು ಇದ್ದರೆ ಆ ಕಾಲು ಗಂಟೆಯಲ್ಲೇ ನಿಶೇಚನ ಆಗಬೇಕು. ಆಮೇಲೆ ಸುಮಾರು 3 ಗಂಟೆ ಕಾಲ ಅದರ ಸುತ್ತ ಬಿಳಿ ಲೋಳೆ ಸೇರುತ್ತದೆ. ನಂತರ ತೆಳುವಾದ ಪೊರೆ ಬರುತ್ತದೆ. ಕೊನೆಗೆ ಸುಮಾರು 20 ಗಂಟೆ ಕಾಲ ಸುಣ್ಣದ ಚಿಪ್ಪು ಕಟ್ಟುತ್ತದೆ. ಒಟ್ಟು ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು ಸಮಯದ ಕೆಲಸ ಇದು. ಹುಂಜ ಇರಲಿ, ಇಲ್ಲದಿರಲಿ, ಈ ಕೆಲಸ ಒಂದೇ ರೀತಿ ನಡೆಯುತ್ತದೆ.

ಇನ್ನೊಂದು ವಿಚಿತ್ರ ಕೇಳಿ. ಹೇಂಟೆ ಹುಂಜದ ವೀರ್ಯಾಣುಗಳನ್ನು ತನ್ನ ಅಂಡನಾಳದ ಸಣ್ಣ ಸಣ್ಣ ಮಡಿಕೆಗಳಲ್ಲಿ ಕೂಡಿಟ್ಟುಕೊಳ್ಳಬಲ್ಲದು. ಆದ್ದರಿಂದ ನೀವು ಇಂದು ಹುಂಜವನ್ನು ಸಂತೆಯಲ್ಲಿ ಮಾರಿ ಬಂದರೂ, ಇನ್ನೂ ಸುಮಾರು ಎರಡು ವಾರ ಹೇಂಟೆ ಇಡುವ ಮೊಟ್ಟೆಗಳಲ್ಲಿ ಮರಿಯಾಗಬಲ್ಲವು ಇರುತ್ತವೆ. ಹಾಗೆಯೇ ಹುಂಜವಿರುವ ಮನೆಯ ಎಲ್ಲ ಮೊಟ್ಟೆಗಳೂ ಮರಿಯಾಗುತ್ತವೆ ಎಂದೇನಿಲ್ಲ. ಕಾವಿಗೆ ಇಟ್ಟ ಹತ್ತರಲ್ಲಿ ಒಂದೆರಡು ಹಾಗೆಯೇ ಉಳಿಯುವುದನ್ನು ನೀವು ನೋಡಿಲ್ಲವೇ?

ಮೊಟ್ಟೆಯೊಳಗೆ ಏನಿದೆ?

ಹಸಿ ಮೊಟ್ಟೆಯೊಂದನ್ನು ತಟ್ಟೆಗೆ ಒಡೆದು ಹಾಕಿ. ಹಳದಿ ಲೋಳೆಯ ಮೇಲ್ಭಾಗವನ್ನು ಸೂಕ್ಷ್ಮವಾಗಿ ನೋಡಿ. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಳಿ ಚುಕ್ಕೆ ಕಾಣುತ್ತದೆ. ಎಲ್ಲ ಮೊಟ್ಟೆಗಳಲ್ಲೂ ಇದು ಇರುತ್ತದೆ. ಫಾರಂ ಮೊಟ್ಟೆಯಲ್ಲಿ ಈ ಚುಕ್ಕೆ ಚಿಕ್ಕದು, ಗಟ್ಟಿ ಬಿಳುಪು, ಅಂಚು ಅಂಕುಡೊಂಕು. ನಿಶೇಚನವಾದ ಮೊಟ್ಟೆಯಲ್ಲಿ ಅದು ಸುಮಾರು 4 ಮಿಲಿಮೀಟರ್ ಅಗಲದ ದುಂಡನೆಯ ಉಂಗುರದಂತೆ, ನಡುವೆ ತಿಳಿಯಾಗಿ, ಸುತ್ತ ಬಿಳಿಯಾಗಿ ಕಾಣುತ್ತದೆ. ಮರಿಯಾಗುವುದೇನಿದ್ದರೂ ಈ ಚುಕ್ಕೆಯಿಂದಲೇ. ಹಳದಿ ಲೋಳೆಯೇ ಮರಿಯಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಹಳದಿ ಮತ್ತು ಬಿಳಿ ಲೋಳೆಗಳು ಬೆಳೆಯುವ ಮರಿಗೆ ಕಟ್ಟಿಕೊಟ್ಟ ಬುತ್ತಿ.

ಹೇಂಟೆಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್. ನಿಶೇಚನವಾದ ಅಂಡಾಣು ಆ ಬಿಸಿಯಲ್ಲಿ ಒಂದು ದಿನ ಇರುವುದರಿಂದ ಅದು ಒಡೆದು ಎರಡಾಗಿ, ನಾಲ್ಕಾಗಿ, ಎಂಟಾಗಿ ಹೆಚ್ಚುತ್ತಾ ಹೋಗುತ್ತದೆ. ಮೊಟ್ಟೆ ಹೊರಬೀಳುವ ಹೊತ್ತಿಗೆ ಆ ಚುಕ್ಕೆಯಲ್ಲಿ ಹತ್ತಾರು ಸಾವಿರ ಜೀವಕೋಶಗಳಿರುತ್ತವೆ. ಆದರೆ ಅವೆಲ್ಲ ಇನ್ನೂ ತೆಳುವಾದ ಒಂದು ಹಾಳೆಯಂತೆ ಇರುತ್ತವೆ. ತಲೆಯಿಲ್ಲ, ಕಣ್ಣಿಲ್ಲ, ಹೃದಯವಿಲ್ಲ, ರಕ್ತವಿಲ್ಲ, ನರವಿಲ್ಲ. ನೋವು ಅರಿಯುವ ಯಾವ ಅಂಗವೂ ಇಲ್ಲ.

ಆದ್ದರಿಂದ ‘ನಾಟಿ ಮೊಟ್ಟೆಯಲ್ಲಿ ಮರಿ ಇದೆ’ ಎನ್ನುವುದು ಸುಳ್ಳು. ಆದರೆ ‘ಅದರಲ್ಲಿ ಏನೂ ಇಲ್ಲ’ ಎನ್ನುವುದೂ ಸುಳ್ಳು. ಮುಂದೆ ಮರಿಯಾಗಬಲ್ಲ ಜೀವಕೋಶಗಳು ಅದರಲ್ಲಿವೆ. ವಾದದಲ್ಲಿ ಗೆಲ್ಲುವುದಕ್ಕಾಗಿ ಅರ್ಧ ಸತ್ಯ ಹೇಳಬಾರದು. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಆಮೇಲೆ ಯೋಚಿಸಬೇಕು.

ಅಜ್ಜಿಯ ಲೆಕ್ಕ

ಹೊರಬಿದ್ದ ಮೊಟ್ಟೆ ತಣ್ಣಗಾಗುತ್ತದೆ. ಸುಮಾರು 20 ಡಿಗ್ರಿಗಿಂತ ತಂಪಾದರೆ ಒಳಗಿನ ಬೆಳವಣಿಗೆ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಮರಿ ಸರಿಯಾಗಿ ಬೆಳೆಯಲು 37ರಿಂದ 38 ಡಿಗ್ರಿ ಶಾಖ ಬಿಡದೆ ಸಿಗಬೇಕು. ಅದನ್ನೇ ನಾವು ಕಾವು ಎನ್ನುವುದು.

ಇದಕ್ಕೆ ಪುರಾವೆ ಬೇಕೇ? ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಕೋಳಿ ಸಾಕಿದ ಯಾವ ಅಜ್ಜಿಯನ್ನಾದರೂ ಕೇಳಿ. ನಾಟಿ ಕೋಳಿ ದಿನಕ್ಕೊಂದರಂತೆ, ನಡುವೆ ಒಂದೊಂದು ದಿನ ಬಿಟ್ಟು, ಹತ್ತು ಮೊಟ್ಟೆ ಇಡಲು ಹನ್ನೆರಡು ಹದಿಮೂರು ದಿನ ಹಿಡಿಯುತ್ತದೆ ಎನ್ನೋಣ. ಅಜ್ಜಿ ಅವನ್ನೆಲ್ಲ ಮನೆಯ ತಂಪು ಮೂಲೆಯ ರಾಗಿ ಮಡಕೆಯಲ್ಲಿ ಇಟ್ಟಿರುತ್ತಾರೆ. ಕೋಳಿ ಕಾವಿಗೆ ಬಂದಾಗ ಹತ್ತನ್ನೂ ಒಟ್ಟಿಗೆ ಮಂಕರಿಯಲ್ಲಿ ಇಡುತ್ತಾರೆ. ಮರಿ ಯಾವಾಗ ಹೊರಬರುತ್ತವೆ? ಸುಮಾರು 21ನೇ ದಿನ. ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ!

ಈಗ ನೀವೇ ಲೆಕ್ಕ ಹಾಕಿ. ಮೊಟ್ಟೆ ಇಟ್ಟ ದಿನದಿಂದಲೇ ಒಳಗೆ ಮರಿ ಬೆಳೆಯುತ್ತಿದ್ದರೆ, ಮೊದಲ ಮೊಟ್ಟೆಯ ಮರಿ ಕೊನೆಯ ಮೊಟ್ಟೆಯ ಮರಿಗಿಂತ ಹನ್ನೆರಡು ದಿನ ಮೊದಲೇ ಹೊರಬರಬೇಕಾಗಿತ್ತು. ಹಾಗೆ ಆಗುವುದಿಲ್ಲ. ಅಂದರೆ ಮೊದಲ ಮೊಟ್ಟೆ ಅಷ್ಟು ದಿನವೂ ಕಾಯುತ್ತಾ ಇತ್ತು, ಬೆಳೆಯಲಿಲ್ಲ. ಕಾವು ಸಿಕ್ಕ ಮೇಲೆ ಎಲ್ಲವೂ ಒಟ್ಟಿಗೆ ಹೊರಟವು. ಆ ಹುಡುಗಿಯ ಅಜ್ಜಿಗೆ ಈ ಲೆಕ್ಕ ಮೊದಲೇ ಗೊತ್ತಿತ್ತು. ಅದನ್ನು ಮೊಮ್ಮಗಳಿಗೆ ಹೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಕಾವು ಸಿಕ್ಕ ಮೇಲೆ ಬೆಳವಣಿಗೆ ಬಲು ಚುರುಕು. ಎರಡನೇ ದಿನವೇ ಪುಟ್ಟ ಹೃದಯ ಮಿಡಿಯತೊಡಗುತ್ತದೆ. ಮೂರು ನಾಲ್ಕನೇ ದಿನಕ್ಕೆ ಕೆಂಪು ರಕ್ತನಾಳಗಳು ಜೇಡರ ಬಲೆಯಂತೆ ಹರಡುತ್ತವೆ. ಗ್ರೀಸ್ ದೇಶದ ಅರಿಸ್ಟಾಟಲ್ ಎಂಬ ವಿದ್ವಾಂಸ ಸುಮಾರು 2300 ವರ್ಷಗಳ ಹಿಂದೆಯೇ ಈ ಬೆಳವಣಿಗೆಯನ್ನು ಬರೆದಿಟ್ಟಿದ್ದಾನೆ. ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ಮೊಟ್ಟೆಯೊಳಗೆ ರಕ್ತದ ಚುಕ್ಕೆಯೊಂದು ಮಿಡಿಯುವುದು ಕಾಣುತ್ತದೆ ಎಂದು ಅವನು ವರ್ಣಿಸಿದ್ದಾನೆ. ಸೂಕ್ಷ್ಮದರ್ಶಕವೇ ಇಲ್ಲದ ಕಾಲ ಅದು! ಅವನ ಕೈಯಲ್ಲಿದ್ದುದು ಕೋಳಿ, ಮೊಟ್ಟೆ ಮತ್ತು ಎರಡು ಕಣ್ಣು ಮಾತ್ರ.

ಕೆಂಪು ಚುಕ್ಕೆ ಕಂಡರೆ?

“ಇಲ್ಲ ಸಾರ್, ನಾನು ನೋಡಿದ್ದೇನೆ, ಮೊಟ್ಟೆಯೊಳಗೆ ರಕ್ತ ಇತ್ತು” ಎಂದು ಒಬ್ಬ ಹುಡುಗ ವಾದ ಮಾಡಿದ. ಅವನು ನೋಡಿದ್ದು ನಿಜ. ಅದಕ್ಕೆ ಕೊಟ್ಟ ಕಾರಣ ಮಾತ್ರ ತಪ್ಪು. ಹಳದಿ ಗೋಲಿ ಅಂಡಾಶಯದಿಂದ ಕಳಚಿಕೊಳ್ಳುವಾಗ ಕೆಲವೊಮ್ಮೆ ಸಣ್ಣ ರಕ್ತನಾಳ ಒಡೆದು ಒಂದು ಹನಿ ರಕ್ತ ಅಂಟಿಕೊಳ್ಳುತ್ತದೆ. ಹುಂಜದ ಮುಖವನ್ನೇ ನೋಡದ ಫಾರಂ ಕೋಳಿಯ ಮೊಟ್ಟೆಯಲ್ಲೂ ಇದು ಆಗುತ್ತದೆ. ಬೇಡವೆನಿಸಿದರೆ ಚಮಚದಿಂದ ಆ ಚುಕ್ಕೆಯನ್ನು ತೆಗೆದು ಉಳಿದದ್ದನ್ನು ಬೇಯಿಸಬಹುದು.

ಹಳದಿಯ ಎರಡು ಬದಿಗಳಲ್ಲಿ ಬಿಳಿ ದಾರದಂಥ ಎರಡು ಎಳೆಗಳಿರುತ್ತವಲ್ಲ, ಅವೂ ಮರಿಯ ಕಾಲಲ್ಲ, ಬಾಲವಲ್ಲ. ಹಳದಿ ಲೋಳೆ ಅಲುಗಾಡಿ ಚಿಪ್ಪಿಗೆ ತಾಗದಂತೆ ನಡುವೆ ಹಿಡಿದಿಡುವ ಹಗ್ಗಗಳು ಅವು.

ಹಾಗಾದರೆ ನನ್ನ ಅಭಿಪ್ರಾಯವೇನು?

ಮೊಟ್ಟೆ ತಿನ್ನುವ ಮನೆಯವರು ಹುಂಜ ಇದೆ ಎಂಬ ಒಂದೇ ಕಾರಣಕ್ಕೆ ತಮ್ಮ ಕೋಳಿಯ ಮೊಟ್ಟೆಯನ್ನು ಬಿಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಸುಮಾರು 50 ಗ್ರಾಂ ತೂಕದ ಮೊಟ್ಟೆಯಲ್ಲಿ 6 ಗ್ರಾಂನಷ್ಟು ಪ್ರೋಟೀನ್ ಇರುತ್ತದೆ. ‘ಎ’ ಜೀವಸತ್ವ ಮತ್ತು ಬಿ-12 ಜೀವಸತ್ವವೂ ಇರುತ್ತವೆ. ನಾಟಿ ಮೊಟ್ಟೆ ಗಾತ್ರದಲ್ಲಿ ಚಿಕ್ಕದು, ಅಷ್ಟೇ. ನಿಶೇಚನವಾದ ಮೊಟ್ಟೆಗೂ ಆಗದ ಮೊಟ್ಟೆಗೂ ಪೌಷ್ಟಿಕತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ‘ಹುಂಜವಿದ್ದರೆ ಮೊಟ್ಟೆಗೆ ಶಕ್ತಿ ಜಾಸ್ತಿ’ ಎಂದು ಹೆಚ್ಚು ಬೆಲೆ ಹೇಳುವವರ ಮಾತನ್ನೂ ನಂಬಬೇಡಿ. ಚಿಪ್ಪಿನ ಬಣ್ಣವೂ ಕೋಳಿಯ ತಳಿಯಿಂದ ಬರುವುದೇ ಹೊರತು ಹುಂಜದಿಂದಲ್ಲ.

ನೆನೆಸಿದ ಹೆಸರುಕಾಳನ್ನು ಎರಡು ಹೋಳು ಮಾಡಿ ನೋಡಿದ್ದೀರಾ? ಒಳಗೆ ಪುಟ್ಟ ಸಸಿಯೊಂದು ಮುದುಡಿ ಕೂತಿರುತ್ತದೆ. ಅದಕ್ಕೆ ನೀರು ಸಿಗುವವರೆಗೆ ಅದು ಕಾಯುತ್ತದೆ. ನಾವು ಕಾಳನ್ನು ಕೋಸಂಬರಿ ಮಾಡಿ ತಿನ್ನುತ್ತೇವೆ, ಬಿತ್ತನೆಗೆ ಬೇಕಾದಷ್ಟನ್ನು ಬೇರೆ ಎತ್ತಿಡುತ್ತೇವೆ. ಕೋಳಿ ಮತ್ತು ಹೆಸರುಗಿಡ ಒಂದೇ ಎಂದು ನಾನು ಹೇಳುತ್ತಿಲ್ಲ. ‘ಮುಂದೆ ಆಗಬಲ್ಲದ್ದು’ ಬೇರೆ, ‘ಈಗ ಇರುವುದು’ ಬೇರೆ ಎಂಬುದನ್ನು ತಿಳಿಯಲು ಈ ಉದಾಹರಣೆ ಸಾಕು.

ಆದರೆ ಕೆಲವರಿಗೆ ‘ಮುಂದೆ ಆಗಬಲ್ಲದ್ದು’ ಕೂಡ ಮುಖ್ಯವಾಗುತ್ತದೆ. ಅದನ್ನು ನಾವು ಗೌರವಿಸಬೇಕು. ಗಾಂಧೀಜಿ ಸಸ್ಯಾಹಾರಿ. 1942ರಲ್ಲಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಆರೋಗ್ಯದ ಬಗ್ಗೆ ಪುಸ್ತಕ ಬರೆಯುತ್ತಾ, ಅವರು ಈ ವ್ಯತ್ಯಾಸವನ್ನು ಚರ್ಚಿಸಿದರು. ಮರಿಯಾಗಲಾರದ ಮೊಟ್ಟೆಯನ್ನು ತಿನ್ನಲು ಹಾಲು ಕುಡಿಯುವವರು ಹಿಂಜರಿಯಬೇಕಾಗಿಲ್ಲ ಎಂಬ ಅರ್ಥದ ಮಾತನ್ನು ಬರೆದರು. ಕೆಲವರು ಅವರಂತೆ ಎರಡರ ನಡುವೆ ಗೆರೆ ಎಳೆಯುತ್ತಾರೆ. ಕೆಲವರು ಯಾವ ಮೊಟ್ಟೆಯನ್ನೂ ತಿನ್ನುವುದಿಲ್ಲ. ಕೆಲವರು ಎರಡನ್ನೂ ತಿನ್ನುತ್ತಾರೆ. ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದು ಅವರವರ ಮನೆಯ, ಮನಸ್ಸಿನ ವಿಚಾರ. ವಿಜ್ಞಾನ ಅದನ್ನು ತೀರ್ಮಾನಿಸುವುದಿಲ್ಲ. ಮೊಟ್ಟೆಯೊಳಗೆ ಏನಿದೆ, ಏನಿಲ್ಲ ಎಂಬುದನ್ನು ಮಾತ್ರ ಅದು ತೋರಿಸುತ್ತದೆ.

ನಮ್ಮ ರಾಜ್ಯದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗಲೂ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಏರ್ಪಾಡು ಮಾಡಿದ್ದರು. ಒಂದೇ ಸಾಲಿನಲ್ಲಿ ಕೂತು ಒಬ್ಬರು ಮೊಟ್ಟೆ, ಒಬ್ಬರು ಹಣ್ಣು ತಿನ್ನಬಹುದು. ತಿನ್ನುವವರು ತಿನ್ನದವರನ್ನು ಅಣಕಿಸಬಾರದು. ತಿನ್ನದವರು ತಿನ್ನುವವರನ್ನು ಹೆದರಿಸಬಾರದು. ಇನ್ನೊಬ್ಬರ ತಟ್ಟೆಯ ಬಗ್ಗೆ ಮಾತನಾಡುವ ಮೊದಲು ‘ಇದು ನನಗೆ ಹೇಗೆ ಗೊತ್ತು?’ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಮೊಟ್ಟೆ ತಿನ್ನುವ ಮನೆಯಲ್ಲಿ ಪಾಲಿಸಬೇಕಾದ ಕೆಲವು ನಿಯಮಗಳು

1. ಮೊಟ್ಟೆಯನ್ನು ಪ್ರತಿದಿನ ಎತ್ತಿಕೊಳ್ಳಿ. ಬೇಸಿಗೆಯಲ್ಲಿ ಇದು ಬಹಳ ಮುಖ್ಯ. ರಾಯಚೂರು, ಕಲಬುರಗಿಯಂಥ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ಶಾಖದಲ್ಲಿ ಬಿಟ್ಟ ಮೊಟ್ಟೆಯಲ್ಲಿ ಬೆಳವಣಿಗೆ ಅಡ್ಡಾದಿಡ್ಡಿಯಾಗಿ ಶುರುವಾಗಿ ಮೊಟ್ಟೆ ಬೇಗ ಕೆಡಬಹುದು. ತಂಪಾದ ಜಾಗದಲ್ಲಿಡಿ, ಕೆಲವೇ ದಿನಗಳಲ್ಲಿ ಬಳಸಿ.

2. ಕಾವಿಗೆ ಕೂತ ಕೋಳಿಯ ಕೆಳಗಿನ ಮೊಟ್ಟೆಯನ್ನು ತಿನ್ನಲು ತೆಗೆಯಬೇಡಿ. ಅಲ್ಲಿ ಬೆಳವಣಿಗೆ ಶುರುವಾಗಿರುತ್ತದೆ. ಕಾವಿಗೆ ಇಟ್ಟ ಮೊಟ್ಟೆಗಳಿಗೆ ಪೆನ್ಸಿಲ್‌ನಿಂದ ಗುರುತು ಹಾಕಿಡಿ. ಬೇರೆ ಕೋಳಿ ಬಂದು ಅಲ್ಲೇ ಹೊಸ ಮೊಟ್ಟೆ ಇಟ್ಟರೆ ಗೊತ್ತಾಗುತ್ತದೆ.

3. ಹೊದರಿನಲ್ಲೋ ಹುಲ್ಲಿನ ಮೆದೆಯಲ್ಲೋ ಸಿಕ್ಕ, ಎಂದು ಇಟ್ಟದ್ದೆಂದು ತಿಳಿಯದ ಮೊಟ್ಟೆಯನ್ನು ತಿನ್ನಬೇಡಿ. ಯಾವ ಮೊಟ್ಟೆಯನ್ನೇ ಆಗಲಿ ಬಾಣಲೆಗೆ ನೇರವಾಗಿ ಒಡೆಯದೆ ಮೊದಲು ಒಂದು ಬಟ್ಟಲಿಗೆ ಒಡೆಯಿರಿ.

4. ಮೊಟ್ಟೆಯನ್ನು ಚೆನ್ನಾಗಿ ಬೇಯಿಸಿ. ಚಿಪ್ಪಿನ ಮೇಲೆ ರೋಗಾಣುಗಳಿರಬಹುದು. ಮೊಟ್ಟೆ, ಕೋಳಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

5. ಎಲ್ಲವನ್ನೂ ತಿಂದುಬಿಡಬೇಡಿ, ಎಲ್ಲವನ್ನೂ ಮಾರಿಬಿಡಬೇಡಿ. ಮರಿ ಮಾಡಿಸಲು ಹೊಸ ಮೊಟ್ಟೆಗಳನ್ನು ಎತ್ತಿಡಿ. ವಾರ ಕಳೆದಂತೆ ಮೊಟ್ಟೆಯಿಂದ ಮರಿಯಾಗುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ.

ನೀವೇ ಮಾಡಿ ನೋಡಿ

ಆ ಜಗಳದ ನಂತರ ನಾವು ತರಗತಿಯಲ್ಲಿ ಒಂದು ಚಟುವಟಿಕೆ ಮಾಡಿದೆವು. ಹುಡುಗಿ ತನ್ನ ಮನೆಯಿಂದ ಅಂದಿನ ಮೂರು ಮೊಟ್ಟೆ ತಂದಳು. ಅಂಗಡಿಯಿಂದ ಮೂರು ಫಾರಂ ಮೊಟ್ಟೆ ತರಿಸಿದೆ. ಆರು ತಟ್ಟೆಗಳಿಗೆ ಒಡೆದು, ಯಾವುದು ಎಲ್ಲಿಯದೆಂದು ಹೇಳದೆ, ಬಿಳಿ ಚುಕ್ಕೆ ನೋಡಿ ಗುರುತಿಸಿ ಎಂದೆ. ಮಕ್ಕಳು ಭೂತಗನ್ನಡಿ ಹಿಡಿದು ಬಗ್ಗಿ ನೋಡಿದರು. ಚುಕ್ಕೆಯ ಚಿತ್ರ ಬರೆದುಕೊಂಡರು. ಮನೆಯ ಎರಡು ಮೊಟ್ಟೆಗಳಲ್ಲಿ ಉಂಗುರ ಸ್ಪಷ್ಟವಾಗಿ ಕಂಡಿತು. ಮೂರನೆಯದರಲ್ಲಿ ಉಂಗುರ ಇರಲಿಲ್ಲ. ಹುಂಜವಿದ್ದರೂ ಅದು ನಿಶೇಚನವಾಗದ ಮೊಟ್ಟೆ! ಮರಿ ಮಾತ್ರ ಯಾವುದರಲ್ಲೂ ಇರಲಿಲ್ಲ. ನೋಡಿ ಮುಗಿದ ಮೇಲೆ ಅಡುಗೆಯವರು ಆ ಆರನ್ನೂ ಚೆನ್ನಾಗಿ ಬೇಯಿಸಿ ಪಲ್ಯ ಮಾಡಿಕೊಟ್ಟರು. ಒಂದನ್ನೂ ಹಾಳು ಮಾಡಲಿಲ್ಲ.

‘ಮರಿ ತಿನ್ನುತ್ತೀಯಾ’ ಎಂದಿದ್ದ ಹುಡುಗನ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಅವನು ಅಂದೂ ಬಾಳೆಹಣ್ಣನ್ನೇ ತಿಂದ. ಆದರೆ ಉಂಗುರದ ಚಿತ್ರವನ್ನು ಎಲ್ಲರಿಗಿಂತ ಚೆನ್ನಾಗಿ ಬರೆದಿದ್ದು ಅವನೇ. “ನಾನು ನೋಡದೆ ಹೇಳಿಬಿಟ್ಟೆ” ಎಂದು ಅವಳಿಗೆ ಹೇಳಿದ. ಅವಳು ಸಂಜೆ ಮನೆಗೆ ಹೋಗಿ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊಟ್ಟೆ ತಿಂದಳಂತೆ. ಅಜ್ಜಿ ಮುಂದಿನ ಬಾರಿ ಕೋಳಿ ಕಾವಿಗೆ ಕೂತಾಗ ಪೆನ್ಸಿಲ್‌ನಿಂದ ಗುರುತು ಹಾಕುವ ಕೆಲಸ ಅವಳದೇ ಎಂದು ಹೇಳಿದ್ದಾರೆ.

ನಿಮ್ಮ ಊರಲ್ಲೂ ಕಾವಿಗೆ ಕೂತ ಕೋಳಿ ಇರಬಹುದು. ಏಳನೇ ದಿನ ರಾತ್ರಿ ಹಿರಿಯರ ಸಹಾಯದಿಂದ ಒಂದು ಮೊಟ್ಟೆಯನ್ನು ಮೆಲ್ಲಗೆ ಎತ್ತಿ, ಕತ್ತಲೆಯಲ್ಲಿ ಅದರ ದಪ್ಪ ತುದಿಗೆ ಟಾರ್ಚ್ ಹಿಡಿದು ನೋಡಿ. ಕೆಂಪು ಬಲೆ ಕಂಡರೆ ಒಳಗೆ ಮರಿ ಬೆಳೆಯುತ್ತಿದೆ ಎಂದರ್ಥ. ಪೂರ್ತಿ ತಿಳಿಯಾಗಿದ್ದರೆ ಬೆಳವಣಿಗೆ ಇಲ್ಲ ಎಂದರ್ಥ. ಅರ್ಧ ನಿಮಿಷದಲ್ಲಿ ನೋಡಿ ಮುಗಿಸಿ, ಮೊಟ್ಟೆಯನ್ನು ತಾಯಿಯ ಕೆಳಗೆ ಮತ್ತೆ ಇಟ್ಟುಬಿಡಿ. ಅದನ್ನು ಒಡೆಯಬೇಡಿ. ಎಷ್ಟು ಮೊಟ್ಟೆ ಇಟ್ಟಿರಿ, ಎಷ್ಟರಲ್ಲಿ ಬಲೆ ಕಂಡಿತು, 21ನೇ ದಿನ ಎಷ್ಟು ಮರಿ ಬಂದವು ಎಂದು ಒಂದು ಪಟ್ಟಿ ಮಾಡಿ ನಿಮ್ಮ ತರಗತಿಯ ಗೋಡೆಗೆ ಅಂಟಿಸಿ.